ಅವ್ವನ ಟಿವಿಯೊಳಗ ಕಿಲ್ಲಾ ಓಣಿ

ಮಾಸ್ತರ್: ತಂಗಿ, ಈ ಡಿಸ್ಕ್ ಒಂದೀಟು ನೋಡು. ಕಂಪ್ಯೂಟರಿನ್ಯಾಗ ಹಾಕಿದ್ರ ಎಲ್ಲಾ ಫೋಟೋ ಛಂದ ಕಾಣ್ತಾವ. ಮನ್ಯಾಗಿನ ಡಿವಿಡಿ ಪ್ಲೇಯರಿಗೆ ಹಾಕಿದ್ರ ಕೆಲವು ಅಡ್ಡ ಮಲಗ್ತಾವ, ಕೆಲವಕ್ಕ ತಲಿನ ಕಾಣೂದಿಲ್ಲ, ಮಂದಿ ಎಲ್ಲಾ ಉದ್ದಕ್ಕ ಸಣಕಲಾಗಿ ಕಾಣ್ತಾರ. ಹತ್ತಿಪ್ಪತ್ತಂತೂ ತೆರಿಯೂದ ಇಲ್ಲ. ಕರೀ ಪರದೆ ಬಂದು ಮುಂದಿನ ಫೋಟೋಕ್ಕ ಹೋಗಿಬಿಡ್ತೈತಿ.

ಸ್ಟುಡಿಯೋದಾಕಿ: ಡಿಸ್ಕೂ ಕೆಟ್ಟಿಲ್ಲ, ಪ್ಲೇಯರೂ ಕೆಟ್ಟಿಲ್ಲ ಸರ್. ನೀವು ಹೇಳಿದ ನಾಲ್ಕಕ್ಕೂ ಕಾರಣ ಬ್ಯಾರೆ ಬ್ಯಾರೆ ಅದಾವ. ಆದ್ರ ಮೊದಲ ಒಂದ್ ಮಾತು ಕೇಳ್ತೀನಿ. ಹೊಸಾ ಟಿವಿ ತಗೊಂಡು ಪೆನ್‌ಡ್ರೈವ್ ಹಾಕಿದ್ರ ಇದರಾಗ ಅರ್ಧ ತೊಂದರಿ ಇರೂದಿಲ್ಲ. ಈ ಹಳೇ ಪ್ಲೇಯರ್ ಯಾಕ ಹಿಡಕೊಂಡು ಕುಂತೀರಿ?

ಮಾಸ್ತರ್: ಅವ್ವನ ಸಲುವಾಗಿ. ಆಕಿಗೆ ಮೊಬೈಲ್ ಕೈಯಾಗ ಕೊಟ್ರ ಬೆರಳು ತಾಗಿ ಫೋಟೋ ಎಲ್ಲೋ ಹೋಗ್ತೈತಿ, ಕಣ್ಣಿಗೂ ಸಣ್ಣದಾಗ್ತೈತಿ. ಆದ್ರ ಈ ಪ್ಲೇಯರಿನ ರಿಮೋಟು ಆಕಿಗೆ ಗೊತ್ತು. ಪುರಾಣ, ನಾಟಕದ ಡಿಸ್ಕು ತಾನ ಹಾಕ್ಕೊಂಡು ನೋಡಿದಾಕಿ. ಯಾವ ಗುಂಡಿ ಒತ್ತಿದ್ರ ನಿಂದರ್ತೈತಿ, ಯಾವುದಕ್ಕ ಮುಂದ ಹೋಗ್ತೈತಿ ಅಂತ ನೋಡದ ಒತ್ತತಾಳ. ಈಗ ಹೊಸಾ ಟಿವಿ ತಂದು ಹೊಸಾ ರಿಮೋಟು ಕಲಿ ಅಂತ ಆಕಿಗೆ ಹೇಳೂದು ಬ್ಯಾಡ. ಮಶೀನ ಆಕಿಗೆ ಹೊಂದ್ಕೋಬೇಕು.

ಸ್ಟುಡಿಯೋದಾಕಿ: ಫೋಟೋ ಯಾವವು ಅದಾವ?

ಮಾಸ್ತರ್: ಎಲ್ಲಾ ಕೂಡಿ ಅದಾವ. ಮೊಮ್ಮಗಳ ಲಗ್ನ ಇಲ್ಲೇ ಇಳಕಲ್ಲಿನ್ಯಾಗ ಆತಲ್ಲ, ಅದರವು ಅದಾವ. ಬಾದಾಮಿ, ಬನಶಂಕರಿ ಜಾತ್ರಿ, ಹುನಗುಂದ ಕಡೆ ಐಹೊಳಿ, ಕೂಡಲಸಂಗಮ. ಆದ್ರ ಇವಕ್ಕಿಂತ ಮುಖ್ಯ ಅಂದ್ರ ಹಳೇ ಬಾಗಲಕೋಟಿವು. ನಮ್ಮ ಮನಿ ಕಿಲ್ಲಾದಾಗ ಇತ್ತು. ಆಲಮಟ್ಟಿ ಹಿನ್ನೀರು ಘಟಪ್ರಭಾ ಹಿಡದು ಮ್ಯಾಲ ಬಂತು, ಕಿಲ್ಲಾ ಮುಳುಗಡಿ ಆತು, ನಾವು ನವನಗರದ ಸೆಕ್ಟರಿಗೆ ಬಂದ್ವಿ. ಹೋಗೂಕಿಂತ ಮೊದಲ ನಾ ಓಣಿ ಓಣಿ ತಿರುಗಿ ರೋಲ್ ಕ್ಯಾಮೆರಾದಾಗ ಫೋಟೋ ತಗದಿದ್ದೆ. ಆ ಪ್ರಿಂಟು ಈಗ ಸ್ಕ್ಯಾನ್ ಮಾಡಿಸೀನಿ. ಅವ್ವ ನೋಡಬೇಕು ಅನ್ನೂದು ಅವನ್ನ.

ಸ್ಟುಡಿಯೋದಾಕಿ: ಹಂಗಾದ್ರ ಒಂದೊಂದ ಸರಿ ಮಾಡೂಣು. ತೆರಿಯದವು ಮೊದಲ. ಇವರಾಗ ಬಾಳಷ್ಟರ ಹೆಸರಿನ ಕಡೀಕ ಜೆಪಿಜಿ ಅಂತನ ಐತಿ, ನೋಡಾಕ ಒಂದ ಬಗಿ. ಆದ್ರ ಜೆಪೆಗ್ ಒಳಗ ಬೇಸ್‌ಲೈನ್ ಅಂತ ಒಂದು, ಪ್ರೋಗ್ರೆಸಿವ್ ಅಂತ ಇನ್ನೊಂದು. 1992ರಾಗ ಜೆಪೆಗ್ ನಿಯಮ ಬಂದಾಗನ ಎರಡೂ ಇದ್ದವು. ಎರಡರಾಗೂ ಫೋಟೋನ 8 ಬಿಂದು ಅಗಲ, 8 ಬಿಂದು ಎತ್ತರದ ಸಣ್ಣ ಸಣ್ಣ ಚೌಕ ಮಾಡಿ ಇಡ್ತಾರ. ಬೇಸ್‌ಲೈನ್ ಅಂದ್ರ ನಮ್ಮ ಮಗ್ಗದ ಸೀರಿ ಇದ್ದಂಗ. ಎಳಿ ಎಳಿ ಕೂಡಿ ಮುಂದ ಹೋಗ್ತೈತಿ, ನೇಯ್ದಷ್ಟು ಸುತ್ತಿಕೋತ ಹೋದ್ರಾತು, ಹೆಚ್ಚು ಜಾಗಾ ಬೇಡೂದಿಲ್ಲ. ಪ್ರೋಗ್ರೆಸಿವ್ ಅಂದ್ರ ಕಸೂತಿ. ಇಡೀ ಬಟ್ಟಿ ಮುಂದ ಹಾಸ್ಕೊಂಡು ಮೊದಲ ಗೆರಿ ಹಾಕಿ, ಮತ್ತ ತಿರುಗಿ ಬಂದು ಒಳಗ ತುಂಬಿ, ಸುತ್ತ ಮ್ಯಾಲ ಸುತ್ತ ಬರಬೇಕು. ಹಳೇ ಪ್ಲೇಯರಿನ ಮೆಮರಿಯೊಳಗ ಇಡೀ ಬಟ್ಟಿ ಹಾಸಾಕ ಜಾಗಾ ಇರೂದಿಲ್ಲ. ಅದಕ್ಕ ಕರೀ ಪರದೆ ತೋರಿಸಿ ಮುಂದ ಹೋಗ್ತೈತಿ.

ಮಾಸ್ತರ್: ನಾ ಕ್ಯಾಮೆರಾದಾಗ ತಗದವು ತೆರೀತಾವ. ಮಂದಿ ಕಳಿಸಿದವು ತೆರಿಯೂದಿಲ್ಲ.

ಸ್ಟುಡಿಯೋದಾಕಿ: ಅದ ಕಾರಣ. ಕ್ಯಾಮೆರಾಗಳು ಸಾಮಾನ್ಯವಾಗಿ ಬೇಸ್‌ಲೈನ್ ಬರೀತಾವ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡವರಾಗ ಪ್ರೋಗ್ರೆಸಿವ್ ಬಾಳ ಇರ್ತಾವ. ನಿಧಾನ ನೆಟ್ಟಿನ್ಯಾಗ ಮೊದಲ ಮಸುಕಾಗಿ ಇಡೀ ಫೋಟೋ ಕಾಣಲಿ, ಆಮ್ಯಾಲ ತಿಳಿ ಆಗಲಿ ಅಂತ ಅದನ್ನ ಮಾಡಿದ್ದು. ನಾವು ಫೋಟೋ ತೆರದು, ಸೇವ್ ಮಾಡೂ ಮುಂದ ಪ್ರೋಗ್ರೆಸಿವ್ ಅನ್ನೂ ಗುರುತು ತಗದ್ರ ಆತು. ಇನ್ನ ಈ ಲಗ್ನಪತ್ರಿಕಿ ನೋಡ್ರಿ, ಪ್ರೆಸ್ಸಿನವರು ಕೊಟ್ಟದ್ದು. ಛಾಪಿಸೂ ನಾಲ್ಕು ಬಣ್ಣದ ಲೆಕ್ಕದಾಗ ಐತಿ, ಟಿವಿಯ ಮೂರು ಬಣ್ಣದ ಲೆಕ್ಕದಾಗಿಲ್ಲ. ಅದೂ ತೆರಿಯೂದಿಲ್ಲ, ಆರ್‌ಜಿಬಿ ಮಾಡಬೇಕು. ನಿಮ್ಮ ಅಳಿಯಾರ ಐಫೋನಿನವು ಹೆಚ್‌ಇಐಸಿ ಅದಾವ. 2017ರಿಂದ ಐಫೋನ್ ಆ ಬಗಿ ಬಳಸ್ತೈತಿ. ನಿಮ್ಮ ಪ್ಲೇಯರ್ ತಯಾರಾದಾಗ ಆ ಬಗಿ ಹುಟ್ಟೇ ಇರಲಿಲ್ಲ. ಅವನ್ನೂ ಜೆಪೆಗ್ ಮಾಡಿದ್ರ ತೆರೀತಾವ.

ಮಾಸ್ತರ್: ಇನ್ನ ಕೆಲವು ತೆರೀತಾವ, ಆದ್ರ ಅವ್ವ ಬ್ಯಾಸರ ಮಾಡಿಕೊಂಡು ಎದ್ದು ಹೋಗೂ ತನಕ ತಿರುಗ್ತಾವ.

ಸ್ಟುಡಿಯೋದಾಕಿ: ಅವು ಬಾಳ ದೊಡ್ಡವು. 12 ಮೆಗಾಪಿಕ್ಸೆಲ್ ಫೋಟೋ ಅಂದ್ರ 4000 ಬಿಂದು ಅಗಲ, 3000 ಬಿಂದು ಎತ್ತರ, ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ. ಡಿವಿಡಿ ಪ್ಲೇಯರ್ ನಮ್ಮ ದೇಶದ ಪಾಲ್ ಪದ್ಧತಿಯೊಳಗ ಟಿವಿಗೆ ಕಳಸೂದು 720 ಅಗಲ, 576 ಎತ್ತರ. ಗುಣಿಸಿದ್ರ 4,14,720. ಇಪ್ಪತ್ತೊಂಬತ್ತು ಬಿಂದು ಓದಿ ಒಂದು ತೋರಿಸಿದಂಗ. ಉಳಿದ ಇಪ್ಪತ್ತೆಂಟನ್ನ ಪ್ಲೇಯರ್ ಓದೂದು ಓದತೈತಿ, ತೋರಸೂದಿಲ್ಲ. ಇಲ್ಲೇ ಸಣ್ಣ ಮಾಡಿ ಕೊಟ್ರ ಗುಂಡಿ ಒತ್ತಿದ ಕೂಡ್ಲೆ ಬರ್ತೈತಿ.

ಮಾಸ್ತರ್: ಸಣ್ಣ ಮಾಡೂದಂದ್ರ ನನಗ ಮನಸ್ಸಾಗವಲ್ದು. ಆ ಓಣಿ ಈಗ ನೀರಾಗ ಐತಿ. ಉಳಿದದ್ದು ಈ ಬಿಂದು ಅಷ್ಟ.

ಸ್ಟುಡಿಯೋದಾಕಿ: ಮೂಲಕ್ಕ ನಾ ಕೈ ಹಚ್ಚೂದಿಲ್ಲ ಸರ್. ಮೂಲ ಅಂತ ಒಂದು ಫೋಲ್ಡರ್, ಟಿವಿ ಅಂತ ಇನ್ನೊಂದು. ಮೂಲ ಎರಡು ಕಡೆ ಇಡ್ರಿ, ಒಂದು ನಿಮ್ಮ ಮನ್ಯಾಗ, ಒಂದು ಮಗಳ ಮನ್ಯಾಗ. ಟಿವಿ ಫೋಲ್ಡರ್ ಏನಿದ್ರೂ ಅವ್ವಾರು ನೋಡಾಕ ಮಾಡಿದ ಪ್ರತಿ. ಹೋದ್ರ ಮತ್ತ ಮಾಡಬಹುದು.

ಮಾಸ್ತರ್: ಹಾಂ, ಹಂಗಾದ್ರ ಮಾಡು. ಈ ಅಡ್ಡ ಮಲಗಿದವು?

ಸ್ಟುಡಿಯೋದಾಕಿ: ಕ್ಯಾಮೆರಾ ಎಬ್ಬಿಸಿ ಹಿಡದು ತಗದ್ರ ಒಳಗಿನ ಫೋಟೋ ಅಡ್ಡಾನ ಇರ್ತೈತಿ. ಜೊತಿಗೆ ಎಕ್ಸಿಫ್ ಅನ್ನೂ ಟಿಪ್ಪಣಿಯೊಳಗ, ತೋರಸೂ ಮುಂದ ಇದನ್ನ ತಿರುಗಿಸು ಅಂತ ಒಂದು ಅಂಕಿ ಬರದಿರ್ತೈತಿ. 1 ಇದ್ರ ಹಂಗ ತೋರಸು, 6 ಇದ್ರ ಬಲಕ್ಕ ಒಂದು ಕಾಲು ಸುತ್ತು ತಿರುಗಿಸು. ಕಂಪ್ಯೂಟರೂ ಮೊಬೈಲೂ ಅದನ್ನ ಓದತಾವ. ಹಳೇ ಪ್ಲೇಯರ್ ಓದೂದಿಲ್ಲ. ರಿಮೋಟಿನ ಬಾಣದ ಗುಂಡಿ ಒತ್ತಿದ್ರ ಬಾಳ ಪ್ಲೇಯರಿನ್ಯಾಗ ಫೋಟೋ ತಿರುಗತೈತಿ, ಆದ್ರ ಮುಂದಿನ ಸಲ ಮತ್ತ ಅಡ್ಡ. ಅದಕ್ಕ ಫೋಟೋನ ಖರೇನ ತಿರುಗಿಸಿ ಸೇವ್ ಮಾಡಿ, ಆ ಅಂಕಿನ 1ಕ್ಕ ತರಬೇಕು. ಅಂಕಿ ಬಿಟ್ರ ಮೊಬೈಲಿನ್ಯಾಗ ಎರಡೆರಡು ಸಲ ತಿರುಗಿ ಮತ್ತ ಅಡ್ಡ ಆಗ್ತೈತಿ.

ಮಾಸ್ತರ್: ಎದ್ದು ನಿಂತ ಫೋಟೋ ಅಡ್ಡ ಟಿವಿಯೊಳಗ ಸಣ್ಣದಾಗೂದಿಲ್ಲೇನು?

ಸ್ಟುಡಿಯೋದಾಕಿ: ಆಗ್ತೈತಿ. ಎರಡೂ ಬಾಜೂ ಕರೀ ಜಾಗಾ ಉಳೀತೈತಿ. ನಾ ಏನ್ ಮಾಡ್ತೀನಂದ್ರ, ಎರಡು ನಿಂತ ಫೋಟೋ ಜೋಡಿಸಿ ಒಂದು ಮಾಡ್ತೀನಿ. ನೋಡ್ರಿ, ಇದು ಅವ್ವಾರು ಕಿಲ್ಲಾದ ಮನಿ ಬಾಗಲದಾಗ ನಿಂತದ್ದು, ಇದು ನವನಗರದ ಬಾಗಲದಾಗ. ಎರಡೂ ಕೂಡಿಸಿದ್ರ ಪರದೆ ತುಂಬತೈತಿ. ಬಾಗಲ ಬ್ಯಾರೆ, ನಿಂತ ರೀತಿ ಒಂದ.

ಮಾಸ್ತರ್: ಇದನ್ನ ನಾ ಗಮನಿಸಿರಲೇ ಇಲ್ಲ. ಎಡಗೈ ಚೌಕಟ್ಟಿನ ಮ್ಯಾಲ ಇಟ್ಟಾಳ, ಎರಡರಾಗೂ. ಇವೆರಡು ಕೂಡಿಸು, ಬಿಡಬ್ಯಾಡ. ಇನ್ನ ತಲಿ ಕತ್ತರಿಸೂದು ಹೇಳು. ಬಾದಾಮಿ ಒಂದನೇ ಗುಹಿಯ ನಟರಾಜಗ ಹದಿನೆಂಟು ಕೈ. ಫೋಟೋದಾಗ ಎಲ್ಲಾ ಕೈ ಬಂದಾವ, ಕಾಳಜಿಲಿಂದ ತಗದೀನಿ. ಟಿವಿಯೊಳಗ ನೋಡಿದ್ರ ಎರಡೂ ಕಡೆ ಕಡೀ ಕೈ ಮಾಯ. ಚಾಲುಕ್ಯರ ಶಿಲ್ಪಿ ಅಷ್ಟೂ ಕೈ ಒಂದು ಸುತ್ತಿನ್ಯಾಗ ಕುಂದರಿಸ್ಯಾನ, ಅಂಚಿನ ಕೈ ಹೋದ್ರ ಆ ಕುಣಿತಾನ ಹೋತು.

ಸ್ಟುಡಿಯೋದಾಕಿ: ಅದು ಪ್ಲೇಯರ್ ಮಾಡೂದಲ್ಲ, ಟಿವಿ ಮಾಡೂದು. ಹಳೇ ಡಬ್ಬಿ ಟಿವಿಯೊಳಗ ಕರೆಂಟು ಏರಿಳಿದ್ರ ಚಿತ್ರ ಹಿಗ್ಗೂದು ಕುಗ್ಗೂದು ಆಗ್ತಿತ್ತು. ಕುಗ್ಗಿದಾಗ ಸುತ್ತ ಕರೀ ಅಂಚು ಕಾಣಬಾರದು ಅಂತ ಚಿತ್ರಾನ ಗಾಜಿಗಿಂತ ಒಂದೀಟು ದೊಡ್ಡದು ಮಾಡಿ, ಅಂಚು ಚೌಕಟ್ಟಿನ ಹಿಂದ ಹೋಗೂಹಂಗ ಕಂಪನಿಯವರ ಇಡತಿದ್ರು. ಓವರ್‌ಸ್ಕ್ಯಾನ್ ಅಂತಾರ. ಒಂದೊಂದು ಬಾಜೂಕ ನೂರಕ್ಕ ಐದರಷ್ಟು ಹೋಗ್ತೈತಿ ಅಂತ ಹಿಡೀರಿ, ಕೆಲವು ಟಿವಿಯೊಳಗ ಹೆಚ್ಚೂ ಹೋಗ್ತೈತಿ. ಸಿನಿಮಾದಾಗ, ಸುದ್ದಿಯೊಳಗ ಇದು ಗೊತ್ತಾಗೂದಿಲ್ಲ. ಅವರು ಮುಖ್ಯವಾದ್ದು ನಡುವ ಇಟ್ಟಿರ್ತಾರ. ನಾವು ಫೋಟೋ ತಗಿಯೂ ಮುಂದ ಅಂಚಿನ ತನಕ ಮಂದಿ ತುಂಬತೀವಿ. ಅದಕ್ಕ ಕರೀ ಹಿನ್ನೆಲಿ ಮಾಡಿ, ಅದರ ನಡುವ ಫೋಟೋನ ನೂರಕ್ಕ ತೊಂಬತ್ತರಷ್ಟು ಇಡ್ತೀನಿ. ಕತ್ತರಿಸೂದು ಕರೀ ಅಂಚು ಅಷ್ಟ. ನಟರಾಜನ ಕೈ ಎಲ್ಲಾ ಉಳೀತಾವ.

ಮಾಸ್ತರ್: ಐಹೊಳಿ ದುರ್ಗ ಗುಡಿ ಹಿಂದಿನ ದುಂಡು ಭಾಗ ತತ್ತಿ ಆಕಾರಕ್ಕ ಬಂದೈತಿ. ಅದಕ್ಕೂ ಓವರ್‌ಸ್ಕ್ಯಾನ್ ಕಾರಣಾನೊ?

ಸ್ಟುಡಿಯೋದಾಕಿ: ಅಲ್ಲ ಸರ್, ಇದು ಪ್ಲೇಯರಿನ ಸೆಟಪ್. ಪ್ಲೇಯರಿನ್ಯಾಗ ಟಿವಿ ಡಿಸ್‌ಪ್ಲೇ ಅಂತ ಒಂದು ಸಾಲು ಇರ್ತೈತಿ. ಅದರೊಳಗ 16:9 ಅಂತ ಇದ್ರ, ಟಿವಿ ಅಗಲ ಐತಿ ಅಂತ ತಿಳಕೊಂಡು ಪ್ಲೇಯರ್ ಚಿತ್ರಾನ ಬಾಜೂದಿಂದ ಒತ್ತಿ ಕಳಿಸ್ತೈತಿ. ಅಗಲ ಟಿವಿ ಅದನ್ನ ಹಿಗ್ಗಿಸಿ ಸರಿ ಮಾಡ್ತೈತಿ. ನಿಮ್ಮ 4:3 ಡಬ್ಬಿ ಹಿಗ್ಗಿಸೂದಿಲ್ಲ, ಒತ್ತಿದ್ದನ್ನ ಹಂಗ ತೋರಿಸ್ತೈತಿ. ಮಂದಿ ಸಣಕಲಾಗೂದು ಅದಕ್ಕ. 4:3 ಎಲ್‌ಬಿ ಅಂತ ಇಡ್ರಿ. ಪಿಎಸ್ ಅಂತ ಇನ್ನೊಂದು ಇರ್ತೈತಿ, ಅದನ್ನ ಇಟ್ರ ಅಗಲ ಸಿನಿಮಾದ ಎರಡೂ ಬಾಜೂ ಕತ್ತರಿಸಿ ಹೋಗ್ತಾವ, ಬ್ಯಾಡ. ಅಲ್ಲೇ ಟಿವಿ ಟೈಪ್ ಪಾಲ್ ಐತೇನು ನೋಡ್ರಿ. ಎನ್‌ಟಿಎಸ್‌ಸಿ ಇದ್ರ 576ರ ಬದಲಿ 480 ಗೆರಿ ಅಷ್ಟ ಸಿಗ್ತಾವ.

ಮಾಸ್ತರ್: ಸರಿ ಆತೋ ಇಲ್ಲೋ ಹೆಂಗ ಗೊತ್ತಾಗಬೇಕು? ಗುಡಿ ಎಷ್ಟು ದುಂಡಗೈತಿ ಅಂತ ಕಣ್ಣಳತಿಯೊಳಗ ಹೇಳಾಕ ಬರೂದಿಲ್ಲ.

ಸ್ಟುಡಿಯೋದಾಕಿ: ಊಟದ ತಾಟು ನೆಲದ ಮ್ಯಾಲ ಇಟ್ಟು ನೇರ ಮ್ಯಾಲಿಂದ ಒಂದು ಫೋಟೋ ತಗೀರಿ. ಅದನ್ನ ಡಿಸ್ಕಿನ ಮೊದಲನೇ ಫೋಟೋ ಮಾಡೂಣು. ಟಿವಿಯೊಳಗ ಬಂದಾಗ ಅಳತಿ ಪಟ್ಟಿ ಹಿಡದು ಅಗಲ ನೋಡ್ರಿ, ಎತ್ತರ ನೋಡ್ರಿ. ಎರಡೂ ಸಮ ಇದ್ರ ಮುಂದಿನವೆಲ್ಲಾ ಸರಿ. ಸಮ ಇಲ್ಲಂದ್ರ ಎಷ್ಟು ಹೆಚ್ಚುಕಡಿಮಿ ಅಂತ ನನಗ ಹೇಳ್ರಿ, ಅಷ್ಟು ಇಲ್ಲೇ ತಿದ್ದತೀನಿ. ಈ ಪ್ರಯೋಗಕ್ಕ ಅಳಿಸಿ ಬರಿಯೂ ಆರ್‌ಡಬ್ಲ್ಯೂ ಡಿಸ್ಕ್ ಕೊಡ್ತೀನಿ, ಸರಿ ಆದ ಮ್ಯಾಲ ಖಾಯಂ ಡಿಸ್ಕ್.

ಮಾಸ್ತರ್: ಇನ್ನೊಂದು ಐತಿ, ಇದು ನಿನಗ ಕೇಳಬೇಕಂತ ಬಂದದ್ದು. ಲಗ್ನದ ಫೋಟೋದಾಗ ಹೆಣ್ಣುಮಕ್ಕಳೆಲ್ಲಾ ಇಳಕಲ್ ಸೀರಿ ಉಟ್ಟಾರ. ಟಿವಿಯೊಳಗ ಆ ಸೀರಿ ನಡಗತಾವ. ಸಣ್ಣ ಚೌಕಡಿ ಇದ್ದಲ್ಲೆ ನೀರಿನ ತೆರಿ ಎದ್ದಂಗ ಏನೇನೋ ಗೆರಿ ಹೊಳೀತಾವ. ಸೆರಗಿನ ಕೆಂಪು ಬಿಳಿ ಮ್ಯಾಲ ಹರದು ಬಿಡ್ತೈತಿ. ಅವ್ವ ಅಂದ್ಲು, ಸೀರಿ ಬಣ್ಣ ಬಿಟ್ಟೈತಿ, ಅಂಗಡಿಯವಗ ಹೇಳು ಅಂತ.

ಸ್ಟುಡಿಯೋದಾಕಿ: ನೇಕಾರರ ತಪ್ಪಿಲ್ಲ ಸರ್, ನಮ್ಮ ಸೀರಿಗೆ ಈ ಟಿವಿ ಸಾಲೂದಿಲ್ಲ. ಇದರಾಗ ಮೂರು ಸಂಗತಿ ಕೂಡ್ಯಾವ, ನಿಧಾನ ಹೇಳ್ತೀನಿ. ಒಂದು, ನಡುಗೂದು. ಪಾಲ್ ಟಿವಿ ಒಂದು ಸೆಕೆಂಡಿಗೆ 25 ಚಿತ್ರ ತೋರಿಸ್ತೈತಿ. ಆದ್ರ ಒಂದು ಇಡೀ ಚಿತ್ರ ಒಮ್ಮೆಲೆ ಬಿಡಿಸೂದಿಲ್ಲ. ಮೊದಲ 1, 3, 5 ಹಿಂಗ ಬೆಸ ಗೆರಿ, ಆಮ್ಯಾಲ 2, 4, 6 ಸರಿ ಗೆರಿ. ಸೀರಿಯ ದಡಿಯೊಳಗ ಅಡ್ಡ ಬಂದ ಒಂದು ಬಿಳಿ ಎಳಿ ಟಿವಿಯ ಒಂದ ಗೆರಿ ಮ್ಯಾಲ ಕುಂತ್ರ, ಅರ್ಧ ಹೊತ್ತು ಐತಿ, ಅರ್ಧ ಹೊತ್ತು ಇಲ್ಲ. ಸೆಕೆಂಡಿಗೆ 25 ಸಲ ಬಂದು ಹೋಗ್ತೈತಿ. ಅದ ನಡುಕ. ಎತ್ತರದ ದಿಕ್ಕಿನ್ಯಾಗ ಒಂದೀಟು ಮಸುಕು ಮಾಡಿದ್ರ ಆ ಎಳಿ ಎರಡು ಗೆರಿ ಮ್ಯಾಲ ಹರಡತೈತಿ, ನಡುಗೂದು ನಿಂದರ್ತೈತಿ. ಕಂಪ್ಯೂಟರಿನ್ಯಾಗ ಹತ್ತಿರ ಕುಂತು ನೋಡಿದ್ರ ಮಸುಕು ಅನ್ನಸ್ತೈತಿ, ಟಿವಿ ಮುಂದ ದೂರ ಕುಂತವರಿಗೆ ತಿಳಿ ಕಾಣ್ತೈತಿ.

ಮಾಸ್ತರ್: ತೆರಿ ಎದ್ದಂಗ ಕಾಣೂದು?

ಸ್ಟುಡಿಯೋದಾಕಿ: ಅದು ಸಣ್ಣ ಮಾಡೂ ರೀತಿಯೊಳಗಿಂದು. ಪ್ಲೇಯರ್ ಅವಸರದಾಗ ಒಂದೊಂದು ಸಾಲಿನ್ಯಾಗ ಐದಾರು ಬಿಂದುವಿನ್ಯಾಗ ಒಂದು ಆರಿಸಿ ಉಳಿದದ್ದು ಒಗೀತೈತಿ. ಚೌಕಡಿಯ ಎಳಿ ಎಷ್ಟಕ್ಕೊಂದು ಬರ್ತೈತಿ, ಪ್ಲೇಯರ್ ಆರಿಸೂ ಬಿಂದು ಎಷ್ಟಕ್ಕೊಂದು ಬರ್ತೈತಿ, ಎರಡೂ ತಾಳ ತಪ್ಪಿದಾಗ ಸೀರಿಯೊಳಗ ಇಲ್ಲದ ಗೆರಿ ಹುಟ್ಟತಾವ. ಕಂಪ್ಯೂಟರಿನ್ಯಾಗ ಸಣ್ಣ ಮಾಡೂ ಮುಂದ ಸುತ್ತಲಿನ ಎಲ್ಲಾ ಬಿಂದು ಕೂಡಿಸಿ ಸರಾಸರಿ ತಗೀತೀವಿ, ಹಂಗಾಗಿ ಸುಳ್ಳು ಗೆರಿ ಹುಟ್ಟೂದಿಲ್ಲ. ಚೌಕಡಿ ಎಳಿ ಎಳಿಯಾಗಿ ಕಾಣಲಿಕ್ಕಿಲ್ಲ, ಆದ್ರ ಸೀರಿಯ ಬಣ್ಣ ಖರೇ ಇರ್ತೈತಿ. ಈ ಕೆಲಸ ಪ್ಲೇಯರಿಗೆ ಬಿಡಲೇಬಾರದು ಅಂತ ನಾ ಅನ್ನೂದು ಅದಕ್ಕ.

ಮಾಸ್ತರ್: ಮೂರನೇದು ಸೆರಗು.

ಸ್ಟುಡಿಯೋದಾಕಿ: ತೋಪ್ ತೆನಿ ಸೆರಗು ನಿಮಗ ಗೊತ್ತೈತಿ, ಮೂರು ಪಾಲು ಕೆಂಪು, ನಡುವ ಎರಡು ಕಡೆ ಬಿಳಿ, ಅದರೊಳಗ ಹಲ್ಲು ಹಲ್ಲಾಗಿ ತೆನಿ. ಕೆಂಪು ಬಿಳಿ ಕೂಡೂ ಅಂಚ ಆ ಸೆರಗಿನ ಜೀವ. ನೀವು ಪ್ಲೇಯರಿನಿಂದ ಟಿವಿಗೆ ಹಾಕಿದ ವೈರ್ ಯಾವುದು? ಹಳದಿ ಒಂದು, ಸೌಂಡಿಗೆ ಕೆಂಪು ಬಿಳಿ?

ಮಾಸ್ತರ್: ಹೌದು, ಮೂರು.

ಸ್ಟುಡಿಯೋದಾಕಿ: ಆ ಹಳದಿ ವೈರ್ ಒಂದರಾಗ ಬೆಳಕು, ಬಣ್ಣ ಎರಡೂ ಕೂಡಿ ಹೋಗಬೇಕು. ಬೆಳಕಿನ ವಿವರಕ್ಕ ಹೆಚ್ಚು ಜಾಗಾ, ಬಣ್ಣದ ವಿವರಕ್ಕ ಬಾಳ ಕಡಿಮಿ. ಕರೀ ಬಿಳಿ ಅಂಚು ಚೂಪಾಗಿ ಬರ್ತೈತಿ, ಕೆಂಪಿನ ಅಂಚು ಬಾಜೂದ ಬಿಳಿ ಮ್ಯಾಲ ಹರೀತೈತಿ. ಕಡು ಕೆಂಪು ಎದ್ದು ಕಾಣೂ ಬಣ್ಣ ಆದ್ದರಿಂದ ಅದರಾಗ ಹೆಚ್ಚು ಗೊತ್ತಾಗ್ತೈತಿ. ಟಿವಿ ಹಿಂದ ನೋಡ್ರಿ, ಹಸರು, ನೀಲಿ, ಕೆಂಪು ಮೂರು ತೂತು ಒಂದ ಸಾಲಿನ್ಯಾಗ ಇದ್ರ ಅದು ಕಾಂಪೊನೆಂಟ್. ಪ್ಲೇಯರಿಗೂ ಅವು ಇದ್ರ ಅವನ್ನ ಜೋಡಿಸ್ರಿ. ಬೆಳಕು ಬ್ಯಾರೆ, ಬಣ್ಣ ಬ್ಯಾರೆ ವೈರಿನ್ಯಾಗ ಹೋಗ್ತಾವ, ಸೆರಗಿನ ತೆನಿ ತೆನಿಯಾಗಿ ಕಾಣ್ತಾವ. ಇಲ್ಲಂದ್ರ ಟಿವಿಯ ಕಲರ್ ಒಂದೀಟು ಇಳಸ್ರಿ. ಅಂಗಡಿಯವರು ತೋರಸಾಕ ಏರಿಸಿಟ್ಟದ್ದು ಮನ್ಯಾಗ ಹಂಗ ಉಳದಿರ್ತೈತಿ. ಬಾದಾಮಿ ಬೆಟ್ಟದ ಕಲ್ಲು ಕುಂಕುಮ ಹಚ್ಚಿದಂಗ ಕಾಣಾಕತ್ತಿದ್ರ ಕಲರ್ ಹೆಚ್ಚಾಗೈತಿ ಅಂತ ತಿಳೀರಿ. ಆ ಕಲ್ಲು ನೀವು ಸಣ್ಣಾಗಿದ್ದಾಗಿಂದ ನೋಡೀರಿ, ಅದು ಖರೇ ಬಣ್ಣಕ್ಕ ಬರೂ ತನಕ ಇಳಸ್ರಿ.

ಮಾಸ್ತರ್: ಇಷ್ಟೆಲ್ಲಾ ಎಲ್ಲಾ ಫೋಟೋಕ್ಕ ಮಾಡಬೇಕಾದ್ರ ನಿನ್ನ ಉಳಿದ ಕೆಲಸ?

ಸ್ಟುಡಿಯೋದಾಕಿ: ಎಲ್ಲಾ ಹಾಕೂದು ಬ್ಯಾಡ್ರಿ. ಹೇಳಬೇಕು ಅಂತಿದ್ದೆ, ನೀವ ಎತ್ತಿದ್ರಿ. ಮಂದಿ ಡಿಸ್ಕಿನ್ಯಾಗ ಜಾಗಾ ಐತಿ ಅಂತ ಹಾಕ್ತಾರ. ಸಿಡಿಯೊಳಗ 700 ಎಂಬಿ, ಸಣ್ಣ ಮಾಡಿದ್ರ ಸಾವಿರಾರು ಹಿಡೀತಾವ. ನೋಡೂ ಕಣ್ಣಿಗೆ ಅಷ್ಟು ಹಿಡಿಯೂದಿಲ್ಲ. ಒಂದ ಗುಂಪಿನ ಫೋಟೋ ಆರು ಇದ್ರ ಎಲ್ಲಾರೂ ಕಣ್ಣು ತೆರದದ್ದು ಒಂದು ಆರಿಸ್ರಿ. ಹಳೇ ಬಾಗಲಕೋಟಿವು ಮಾತ್ರ ಎಲ್ಲಾ ಇರಲಿ, ಮಸುಕಾದವೂ ಇರಲಿ.

ಮಾಸ್ತರ್: ಅವನ್ನ ಯಾವ ಸಾಲಿನ್ಯಾಗ ಇಡಬೇಕಂತ ನಾ ವಿಚಾರ ಮಾಡೀನಿ. ತಾರೀಖಿನ ಪ್ರಕಾರ ಬ್ಯಾಡ. ಮನಿ ಬಾಗಲದಿಂದ ಹೊರಟು, ಕಿಲ್ಲಾ ಓಣಿ ಹಿಡದು, ಪ್ಯಾಟಿ ದಾಟಿ, ಘಟಪ್ರಭಾ ದಂಡಿ ತನಕ ಅವ್ವ ಹೆಂಗ ನಡದು ಹೋಗ್ತಿದ್ಲೊ ಹಂಗ. ಗುಂಡಿ ಒಂದು ಸಲ ಒತ್ತಿದ್ರ ಒಂದು ಮನಿ ಮುಂದ ಹೋಗಬೇಕು. ಹೋಳಿ ಹುಣ್ಣಿಮಿ ಹಲಗಿ, ಬಣ್ಣದ ಬಂಡಿ ನಡುವ ಬರಲಿ, ಅವು ಆ ಓಣ್ಯಾಗನ ನಡದವು.

ಸ್ಟುಡಿಯೋದಾಕಿ: ಬಾಳ ಚಲೋ. ಹಂಗಾದ್ರ ಫೈಲಿನ ಹೆಸರು 001, 002 ಅಂತ ಅಂಕಿ ಅಷ್ಟ ಇಡೂಣು. 1, 2, 10 ಅಂತ ಇಟ್ರ ಕೆಲವು ಪ್ಲೇಯರ್ 1 ಆದ ಮ್ಯಾಲ 10 ತೋರಸ್ತಾವ. ಕನ್ನಡದಾಗ ಹೆಸರು ಇಟ್ರ ಹಳೇ ಪ್ಲೇಯರಿಗೆ ಓದಾಕ ಬರೂದಿಲ್ಲ, ಬರೇ ಡಬ್ಬಿ ಡಬ್ಬಿ ಕಾಣ್ತಾವ. ಇಂಗ್ಲಿಷಿನ್ಯಾಗೂ ಎಂಟು ಅಕ್ಷರದೊಳಗ ಇದ್ರ ಚಲೋ, ಸಿಡಿಯ ಮೂಲ ನಿಯಮ ಅಷ್ಟಕ್ಕ ಐತಿ. ಪೆನ್‌ಡ್ರೈವ್ ಆದ್ರ ಫ್ಯಾಟ್32 ಮಾಡಿರಬೇಕು, ಸಾಲು ತಪ್ಪಬಾರದಂದ್ರ ಒಂದರ ಹಿಂದ ಒಂದು ಅದ ಸಾಲಿನ್ಯಾಗ ಕಾಪಿ ಮಾಡಬೇಕು. ಕೆಲವು ಪ್ಲೇಯರ್ ಹೆಸರು ನೋಡೂದ ಇಲ್ಲ, ಯಾವುದು ಮೊದಲ ಬಂತೋ ಅದನ್ನ ಮೊದಲ ತೋರಸ್ತಾವ.

ಮಾಸ್ತರ್: ಹೆಸರು ಬರೂದಿಲ್ಲಂದ್ರ ಯಾರ ಮನಿ, ಯಾವ ಗುಡಿ ಅಂತ ಮೊಮ್ಮಕ್ಕಳಿಗೆ ಹೆಂಗ ಗೊತ್ತಾಗಬೇಕು? ನನಗ ಅರ್ಧ ಗೊತ್ತಿಲ್ಲ. ಒಂದು ಫೋಟೋದಾಗ ಕಟ್ಟಿ ಮ್ಯಾಲ ಐದು ಮಂದಿ ಕುಂತಾರ. ಇಬ್ಬರ ಗುರುತು ನನಗ ಹತ್ತತೈತಿ. ಉಳಿದ ಮೂವರ ಹೆಸರು ಅವ್ವಗ ಗೊತ್ತು, ಆಕಿ ಬಿಟ್ರ ಈಗ ಹೇಳವರು ಯಾರೂ ಇಲ್ಲ. ಓಣಿ ಮಂದಿ ಒಂದೊಂದು ಸೆಕ್ಟರಿಗೆ ಹಂಚಿ ಹೋದ್ರು, ಬಾಜೂ ಮನಿ ಅನ್ನೂದು ಬಾಜೂ ಉಳೀಲಿಲ್ಲ. ಆ ಕಟ್ಟಿನೂ ನೀರಾಗ ಹೋತು.

ಸ್ಟುಡಿಯೋದಾಕಿ: ಸರ್, ಹಂಗಿದ್ರ ನಾವು ಇದನ್ನ ತಿರುಗಾಮುರುಗಾ ಮಾಡಬೇಕು. ನೀವು ಅವ್ವಾರಿಗೆ ತೋರಸಾಕ ಡಿಸ್ಕ್ ಮಾಡಾಕತ್ತೀರಿ. ಅವ್ವಾರು ನೋಡೂ ಮುಂದ ಏನ್ ಹೇಳ್ತಾರ ಅದನ್ನ ಹಿಡದು ಎರಡನೇ ಡಿಸ್ಕ್ ಮಾಡಬೇಕು.

ಮಾಸ್ತರ್: ಹೆಂಗ?

ಸ್ಟುಡಿಯೋದಾಕಿ: ಈಗ ಮಾಡೂದು ಫೋಟೋ ಡಿಸ್ಕ್. ಎರಡನೇದು ಡಿವಿಡಿ ವಿಡಿಯೋ. ಅದರಾಗ ಪ್ರತಿ ಫೋಟೋ ಕೆಲವು ಸೆಕೆಂಡ್ ನಿಂದರ್ತೈತಿ, ಹಿಂದ ಅವ್ವಾರ ದನಿ ಬರ್ತೈತಿ. ಸಿನಿಮಾ ಡಿಸ್ಕಿನ ಲೆಕ್ಕದಾಗನ ಇರೂದ್ರಿಂದ ಪ್ರೋಗ್ರೆಸಿವ್, ಎಕ್ಸಿಫ್ ಅನ್ನೂ ತೊಂದರಿ ಯಾವುದೂ ಬರೂದಿಲ್ಲ. ಸಿನಿಮಾ ಓಡಸೂ ಬಾಳ ಪ್ಲೇಯರ್ ಇದನ್ನ ಓಡಸ್ತಾವ. ಒಂದು ಟೈಟಲ್ ಒಳಗ 99 ಚಾಪ್ಟರ್ ಇಡಬಹುದು, ಒಂದು ಡಿಸ್ಕಿನ್ಯಾಗ 99 ಟೈಟಲ್. ಒಂದು ಓಣಿಗೆ ಒಂದು ಟೈಟಲ್, ಒಂದು ಫೋಟೋಕ್ಕ ಒಂದು ಚಾಪ್ಟರ್. ಅವ್ವಾರಿಗೆ ಗೊತ್ತಿರೂ ಆ ಮುಂದಿನ ಗುಂಡಿನ ಇಲ್ಲೂ ಒಂದೊಂದು ಮನಿ ಮುಂದ ಒಯ್ತೈತಿ.

ಮಾಸ್ತರ್: ಕನ್ನಡ ಅಕ್ಷರ?

ಸ್ಟುಡಿಯೋದಾಕಿ: ಬರ್ತಾವ. ಡಿವಿಡಿಯ ಸಬ್‌ಟೈಟಲ್ ಅಕ್ಷರವಾಗಿ ಇರೂದಿಲ್ಲ, ಸಣ್ಣ ಚಿತ್ರವಾಗಿ ಇರ್ತೈತಿ. ನಾವು ಇಲ್ಲೇ ಕನ್ನಡದಾಗ ಬರದು ಅದನ್ನ ಚಿತ್ರ ಮಾಡಿ ಹಾಕ್ತೀವಿ. ಪ್ಲೇಯರಿಗೆ ಕನ್ನಡ ಬರಬೇಕಂತಿಲ್ಲ, ಚಿತ್ರ ತೋರಸೂದು ಬಂದ್ರ ಸಾಕು. ರಿಮೋಟಿನ ಸಬ್‌ಟೈಟಲ್ ಗುಂಡಿ ಒತ್ತಿದ್ರ ಹೆಸರು ಬರ್ತಾವ, ಮತ್ತ ಒತ್ತಿದ್ರ ಹೋಗ್ತಾವ, ಫೋಟೋದ ಮ್ಯಾಲ ಗುರುತು ಉಳಿಯೂದಿಲ್ಲ. ಈಗಿನ ಫೋಟೋ ಡಿಸ್ಕಿನ್ಯಾಗ ಬೇಕಂದ್ರ ಕೆಳಗಿನ ಕರೀ ಅಂಚು ಇನ್ನೊಂದೀಟು ದೊಡ್ಡದು ಮಾಡಿ ಅದರೊಳಗ ದೊಡ್ಡ ಅಕ್ಷರದಾಗ ಬರೀತೀನಿ, ಓವರ್‌ಸ್ಕ್ಯಾನಿಗೆ ಸಿಗದಷ್ಟು ಒಳಗ. ಆದ್ರ ಗೊತ್ತಿದ್ದ ಹೆಸರಷ್ಟ ಬರಿಯೂಣು. ಗೊತ್ತಿಲ್ಲದ್ದನ್ನ ಖಾಲಿ ಬಿಡೂಣು.

ಮಾಸ್ತರ್: ಖಾಲಿ ಬಿಡೂಣು. ಅಂದಾಜಿನ ಮ್ಯಾಲ ಬರದ್ರ ಮುಂದ ಅದ ಖರೇ ಅಂತ ಕುಂದರ್ತೈತಿ. ಇನ್ನೊಂದು ನನ್ನ ಮನಸ್ಸಿನ್ಯಾಗ ಐತಿ. ಆಲಮಟ್ಟಿ ಈಗ 519.60 ಮೀಟರಿಗೆ ತುಂಬತೈತಿ. 2010ರಾಗ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರಿನ ತನಕ ಏರಸಾಕ ಒಪ್ಪಿಗಿ ಕೊಟ್ಟೈತಿ. ಇನ್ನೂ ಏರಿಲ್ಲ, ಏರಿದ್ರ ಹಳೇ ಊರಿನ್ಯಾಗ ಉಳದದ್ದರಾಗೂ ಮತ್ತ ಹೋಗ್ತೈತಿ. ನಾಡಿಗೆ ನೀರು ಬೇಕು, ನಾ ಅದನ್ನ ಅಲ್ಲ ಅನ್ನೂದಿಲ್ಲ. ಆದ್ರ ಮೊದಲ ಸಲ ಮುಳುಗಿದಾಗ ಕ್ಯಾಮೆರಾ ಇದ್ದವರು ಓಣಿಗೊಬ್ಬರು ಇದ್ರೋ ಇಲ್ಲೋ. ಈಗ ಎಲ್ಲಾರ ಕಿಸೆದಾಗೂ ಕ್ಯಾಮೆರಾ ಐತಿ. ಈಗ ತಗೀಲಿಲ್ಲಂದ್ರ ಅದಕ್ಕ ಕ್ಷಮಾ ಇಲ್ಲ. ತಗದ ಮ್ಯಾಲ ಮೊಬೈಲಿನ್ಯಾಗ ಮುಚ್ಚಿಟ್ರೂ ಅಷ್ಟ. ಓಣ್ಯಾಗಿನ ಹಿರೇರ ಮುಂದ ಇಟ್ಟು ತೋರಸಬೇಕು, ಅವರಿಗೆ ಕಾಣೂವಷ್ಟು ದೊಡ್ಡದಾಗಿ.

ಸ್ಟುಡಿಯೋದಾಕಿ: ನೀವು ನಿಮ್ಮ ಓಣಿಯವರಿಗೆ ಹೇಳ್ರಿ ಸರ್. ಯಾರ ಮನ್ಯಾಗ ಹಳೇ ಅಲ್ಬಮ್ ಐತಿ ಅವರು ತರಲಿ. ಅಂಟಿನ ಹಾಳೆಯ ಅಲ್ಬಮ್ ಇದ್ರ ಫೋಟೋ ಜಗ್ಗಿ ಕೀಳಬಾರದು ಅಂತ ಹೇಳ್ರಿ, ಹಾಳೆ ಸಮೇತ ತಂದ್ರ ಹಂಗ ಸ್ಕ್ಯಾನ್ ಮಾಡ್ತೀನಿ. ಪೋಸ್ಟ್‌ಕಾರ್ಡ್ ಅಳತಿಯ ಪ್ರಿಂಟಿಗೆ ಒಂದು ಇಂಚಿಗೆ 600 ಬಿಂದು ಇಡ್ತೀನಿ. ಟಿವಿಗೆ ಅಷ್ಟು ಬೇಕಾಗಿಲ್ಲ, ಮುಂದ ಮತ್ತ ಪ್ರಿಂಟ್ ಹಾಕಸಬೇಕಂದ್ರ ಬೇಕಾಗ್ತೈತಿ. ಫೋಟೋದ ಹಿಂದ ಏನರ ಬರದಿದ್ರ ಅದನ್ನೂ ಸ್ಕ್ಯಾನ್ ಮಾಡ್ತೀನಿ.

ಮಾಸ್ತರ್: ಡಿಸ್ಕ್ ಎಷ್ಟು ವರ್ಷ ಬಾಳತೈತಿ?

ಸ್ಟುಡಿಯೋದಾಕಿ: ಅದರ ಮ್ಯಾಲ ನಂಬಿಕಿ ಇಟ್ಟು ಕುಂದರಬ್ಯಾಡ್ರಿ. ಮನ್ಯಾಗ ಬರಿಯೂ ಡಿಸ್ಕಿನ್ಯಾಗ ಬಣ್ಣದ ಪದರಿನ ಮ್ಯಾಲ ಸುಟ್ಟ ಗುರುತು ಇರ್ತೈತಿ, ಬಿಸಲು ಬಿದ್ರ ಆ ಬಣ್ಣ ಕೆಡ್ತೈತಿ. ನಮ್ಮ ಕಡೆ ಬ್ಯಾಸಗಿ ಹೆಂಗಿರ್ತೈತಿ ನಿಮಗ ಗೊತ್ತು. ಕಿಡಿಕಿ ಬಾಜೂಕ, ಟಿವಿ ಮ್ಯಾಲ ಇಡಬ್ಯಾಡ್ರಿ, ಟ್ರಂಕಿನ್ಯಾಗ ನಿಲ್ಲಿಸಿ ಇಡ್ರಿ. ಬಾಲ್‌ಪೆನ್ನಿನಿಂದ ಒತ್ತಿ ಬರೀಬ್ಯಾಡ್ರಿ. ಮೂಲ ಹಾರ್ಡ್‌ಡಿಸ್ಕಿನ್ಯಾಗ ಇದ್ರ ಡಿಸ್ಕ್ ಕೆಟ್ಟ ದಿನ ಇನ್ನೊಂದು ಮಾಡಿಕೊಡ್ತೀನಿ. ಬರದ ಮ್ಯಾಲ ಫೈನಲೈಸ್ ಮಾಡೂದು ನನ್ನ ಕೆಲಸ, ಅದನ್ನ ಬಿಟ್ರ ಕಂಪ್ಯೂಟರಿನ್ಯಾಗ ತೆರದ ಡಿಸ್ಕ್ ಪ್ಲೇಯರಿನ್ಯಾಗ ತೆರಿಯೂದ ಇಲ್ಲ.

ಮಾಸ್ತರ್: ಅವ್ವನ ದನಿ ಹಿಡಿಯೂದು ಹೆಂಗಂತ ಹೇಳು. ನಾ ಎಂದೂ ಮಾಡಿಲ್ಲ.

ಸ್ಟುಡಿಯೋದಾಕಿ: ಮೊಬೈಲಿನ ರೆಕಾರ್ಡರ್ ಸಾಕು. ಅವ್ವಾರ ಮುಂದ ಒಂದು ಗೇಣು ದೂರ, ದಪ್ಪ ಟಾವೆಲ್ ಮಡಚಿ ಅದರ ಮ್ಯಾಲ ಇಡ್ರಿ, ಇಲ್ಲಂದ್ರ ಮೇಜು ಬಡದ ಸಪ್ಪಳ ಬರ್ತೈತಿ. ಫ್ಯಾನ್ ಬಂದ್ ಮಾಡ್ರಿ. ಟಿವಿ ಸೌಂಡ್ ಪೂರಾ ಇಳಸ್ರಿ. ಸ್ಲೈಡ್‌ಶೋ ಬ್ಯಾಡ, ತಾನಾಗಿ ಮುಂದ ಹೋಗಿ ಅವ್ವಾರ ಮಾತು ಕಡೀತೈತಿ. ರಿಮೋಟು ಅವ್ವಾರ ಕೈಯಾಗ ಇರಲಿ, ಅವರು ಒತ್ತಿದಾಗ ಮುಂದ ಹೋಗಲಿ. ಪ್ರತಿ ಫೋಟೋ ಬಂದಾಗ ಮೊದಲ ನೀವು ನಂಬರ್ ಹೇಳ್ರಿ, ನೂರಾ ಹನ್ನೆರಡು ಅಂತ. ಆಮ್ಯಾಲ ನನಗ ಜೋಡಸಾಕ ಅದ ಗುರುತು. ನಂಬರ್ ಹೇಳಿ ಸುಮ್ಮನಾಗ್ರಿ. ಯಾರಿವರು ಅಂತ ಒಂದೊಂದು ಮಾರಿ ಮ್ಯಾಲ ಬೆರಳು ಇಟ್ಟು ಎಡಕಿನಿಂದ ಬಲಕ್ಕ ಕೇಳ್ರಿ, ಬೆರಳು ಎಲ್ಲೈತಿ ಅಂತ ಬಾಯಿಲೆ ಹೇಳ್ರಿ, ದನಿಯೊಳಗ ಬೆರಳು ಕಾಣೂದಿಲ್ಲ.

ಮಾಸ್ತರ್: ಅವ್ವ ಒಂದು ಹೆಸರು ಕೇಳಿದ್ರ ಆ ಮನಿ ಪೂರಾ ಕಥಿ ಹೇಳ್ತಾಳ.

ಸ್ಟುಡಿಯೋದಾಕಿ: ಹೇಳಲಿ. ತಡೀಬ್ಯಾಡ್ರಿ. ಕತ್ತರಿಸೂದು ನನ್ನ ಕೆಲಸ, ಅದೂ ಟಿವಿ ಡಿಸ್ಕಿಗೆ ಅಷ್ಟ. ದನಿಯ ಮೂಲಾನೂ ಫೋಟೋದ ಮೂಲದ ಜೊತಿಗೆ ಎರಡು ಕಡೆ ಇಡ್ರಿ. ಮುಂಜಾನೆ ಮಾಡ್ರಿ, ಅವ್ವಾರು ದಣದಿರೂದಿಲ್ಲ, ಹಗಲಿನ ಬೆಳಕು ಟಿವಿ ಗಾಜಿನ ಮ್ಯಾಲ ಬೀಳದಂಗ ಪರದೆ ಎಳೀರಿ. ಒಂದು ದಿನಕ್ಕ ಒಂದು ಓಣಿ ಸಾಕು. ಈ ಆರ್‌ಡಬ್ಲ್ಯೂ ಡಿಸ್ಕ್ ಸಂಜಿಕ್ಕ ತಯಾರಾಗ್ತೈತಿ, ಬಾಗಲಕೋಟಿ ಬಸ್ಸಿಗೆ ಹೋಗೂಕಿಂತ ಮೊದಲ ಬಂದು ಒಯ್ರಿ. ಮನಿಗೆ ಹೋಗಿ ಮೊದಲ ತಾಟು ಅಳೀರಿ.